ಬೇವಿನ ಎಲಿ ತೊಳೀಬ್ಯಾಡ್ರಿ

ಎಲಿ ಹರಿಯೋದರಾಗ ಏನು ವಿದ್ಯಾ ಅದ, ಆಡಿಗೆ ಸುದ್ದ ಬರ್ತದ ಅಂತ ಹೊಸದಾಗಿ ಕೆಲಸಕ್ಕ ಸೇರಿದ ಹುಡುಗಿಯೊಬ್ಬಳು ನನ್ನ ಮುಂದ ಅಂದಳು. ಖರೆ ಅದ, ಆಡಿಗೆ ಬರ್ತದ. ಆದರ ಆಡು ಎಲಿ ತಿಂದು ಸುಮ್ಮನಾಗ್ತದ. ನಾವು ಹರಿದ ಎಲಿ ಮ್ಯಾಲ ಒಮ್ಮೊಮ್ಮೆ ಒಂದು ಊರಿನ ಕೂಳೂ ಕೂಸೂ ಎರಡೂ ನಿಂತಿರ್ತಾವ. ಅಕಿಗೆ ಬಾಯಿಲೆ ಹೇಳಿದ್ರ ಒಂದು ಕಿವಿಯಾಗ ಕೇಳಿ ಇನ್ನೊಂದರಾಗ ಬಿಡ್ತಾಳ. ಅದಕ್ಕ ಬರಿಯಾಕ ಕುಂತೀನಿ.

ನನ್ನ ಹೆಸರು ಸಾಬಮ್ಮ. ಭೀಮರಾಯನಗುಡಿ ಕ್ಯಾಂಪಿನ ಕಡೆ ಇದ್ದ ಒಂದು ಲ್ಯಾಬಿನಾಗ ಮೊದಲು ದಿನಗೂಲಿ ಮಾಡಿದೆ, ಆಮ್ಯಾಲ ಕಾಯಂ ಆದೆ, ಆಮ್ಯಾಲ ರಿಟೈರ್ ಆದೆ. ಪಗಾರ ಎಷ್ಟು ಏರಿತು, ಯಾವಾಗ ಏರಿತು ಅನ್ನೋದು ನಿಮಗ ಬ್ಯಾಡ. ನಾನು ಸಾಲಿ ಕಂಡಾಕಿ ಅಲ್ಲ. ಅಕ್ಷರ ಕಲತದ್ದು ಎಲಿ ಚೀಲದ ಮ್ಯಾಲ. ಮರದ ನಾಲ್ಕೂ ಕಡೆಯ ಎಲಿ ಬ್ಯಾರೆ ಬ್ಯಾರೆ ಕಾಗದದ ಚೀಲದಾಗ ಹಾಕಿ ಮ್ಯಾಲ ದಿಕ್ಕು ಬರೀಬೇಕಿತ್ತು. ಹಂಗಾಗಿ ಅ ಆ ಬರೋಕಿಂತ ಮೊದಲ ನನಗ ಉತ್ತರ ದಕ್ಷಿಣ ಬರಿಯಾಕ ಬಂತು. ಪಶ್ಚಿಮದಾಗಿನ ಒತ್ತಕ್ಷರ ಇವತ್ತಿಗೂ ನನ್ನ ಕೈಯಾಗ ಸೊಟ್ಟ ಬರ್ತದ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದ್ರಿ.

ಕೆಲಸ ಏನಂದ್ರ ಇಷ್ಟು. ಗಾಡಿ ಹೊಗಿ, ಭಟ್ಟಿ ಹೊಗಿ, ರಸ್ತೆ ಧೂಳು, ಇವುಗಳೊಳಗ ಸೀಸ, ತಾಮ್ರ, ಸತುವು, ಇನ್ನೂ ಹೆಸರು ಹೇಳಾಕ ಬರಲಾರದ ಲೋಹ ಇರ್ತಾವ. ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ನಾರಂಗಿಲ್ಲ. ಗಾಳಿ ಹಿಡಿದು ನೋಡಬೇಕಂದ್ರ ದೊಡ್ಡ ಯಂತ್ರ ಬೇಕು, ಅದಕ್ಕ ಕರೆಂಟು ಬೇಕು, ಕರೆಂಟು ನಮ್ಮ ಕಡೆ ಹೆಂಗ ಇರ್ತದ ಅಂತ ನಿಮಗ ಗೊತ್ತದ. ಮರ ಹಂಗಲ್ಲ. ನಿಂತಲ್ಲೇ ನಿಂತು ಬಂದದ್ದೆಲ್ಲಾ ಮೈಮ್ಯಾಲ ಹಾಕ್ಕೊಂತದ. ಅದರಾಗ ಬೇವು ಎಲ್ಲಾ ಕಡೆ ಸಿಗ್ತದ. ಯಾದಗಿರಿ ಸ್ಟೇಷನ್ ಮುಂದ ಅದ, ಶಹಾಪುರದ ಬಸ್ ಸ್ಟ್ಯಾಂಡ್ ಬಾಜೂಕ ಅದ, ಸುರಪುರದ ಗುಡ್ಡದ ಬುಡಕ್ಕ ಅದ. ಅದರ ಎಲಿ ತಂದು, ಒಣಗಿಸಿ, ಪಿಂಗಾಣಿ ಕಲ್ಲಿನಾಗ ಅರೆದು, ಆ್ಯಸಿಡ್‌ದಾಗ ಕುದಿಸಿ ಕರಗಿಸಿದ್ರ ಯಾವ ಲೋಹ ಎಷ್ಟು ಅನ್ನೋದು ಯಂತ್ರ ಹೇಳ್ತದ.

ನನ್ನ ಕೆಲಸಕ್ಕ ತಗೊಂಡವರು ಒಬ್ಬ ಮೇಡಂ. ಮೈಸೂರ ಕಡೆಯವರು. ಹೆಸರು ಬರಿಯಂಗಿಲ್ಲ, ಬರದ್ರ ಅವರಿಗೆ ಸಿಟ್ಟು ಬರ್ತದ. ನಮ್ಮ ಮಾತು ಅವರ ಕಿವಿಗೆ ಜಗಳ ಆಡಿದಂಗ ಕೇಳ್ತಿತ್ತು, ಅವರ ಮಾತು ನಮಗ ಕೂಸಿಗೆ ಜೋಗುಳ ಹಾಡಿದಂಗ ಕೇಳ್ತಿತ್ತು. ಆಳು ತಗೋಳೋ ದಿನ ನಾವು ಹೆಂಗಸರು ಸಾಲಾಗಿ ನಿಂತಿದ್ವಿ. ಮೇಡಂ ಯಾರ ಮಾರಿನೂ ನೋಡಲಿಲ್ಲ. ಕೈ ನೋಡಿದರು. ಎಲ್ಲಾರ ಕೈತುಂಬ ಹಸರ ಬಳಿ, ಹಣಿಮ್ಯಾಲ ಕುಂಕುಮ, ಗಲ್ಲಕ್ಕ ಅರಿಷಿಣ. ನಾನು ಗಂಡ ಸತ್ತಾಕಿ, ನನ್ನ ಕೈಯಾಗ ಏನೂ ಇರಲಿಲ್ಲ. ನನ್ನ ಅಂಗೈ ಹೊಳ್ಳಿಸಿ ನೋಡಿ, ನೀವು ಬನ್ನಿ ಅಮ್ಮ ಅಂದರು. ಅಗ್ಗದ ಕುಂಕುಮದಾಗ ಸೀಸ ಇರ್ತದಂತ, ಬಳಿ ಬಣ್ಣದಾಗೂ ಲೋಹ ಇರ್ತದಂತ. ಆ ಕೈಲೆ ಎಲಿ ಮುಟ್ಟಿದ್ರ ಎಲಿದು ಯಾವುದು, ಕೈದು ಯಾವುದು ಗೊತ್ತಾಗಂಗಿಲ್ಲ. ಲಗ್ನದ ಮನಿಯಾಗ ಹಿಂದ ಸರಿ ಅನ್ನಿಸಿಕೊಂಡ ಕೈಗೆ ನೌಕರಿ ಸಿಕ್ಕಿತು. ಇದನ್ನ ಹೆಮ್ಮೆಗೂ ಹೇಳಾಕತ್ತಿಲ್ಲ, ಅಳಾಕೂ ಹೇಳಾಕತ್ತಿಲ್ಲ. ಆದದ್ದು ಹೇಳೀನಿ.

ಆದರ ಮೇಡಂ ಮುತ್ತೈದಿ. ಎಲಿ ತರಾಕ ಹೋಗೋ ದಿನ ತಾಳಿ, ಬಳಿ, ಉಂಗುರ, ಕುಂಕುಮ ಎಲ್ಲಾ ಮನಿಯಾಗ ತಗದಿಟ್ಟು ಬರ್ತಿದ್ದರು. ಅವರ ಅತ್ತಿ ಬಂದಿದ್ದಾಗ ಇದಕ್ಕ ಮನಿಯಾಗ ದೊಡ್ಡ ಮಾತು ಆತಂತ. ಮೇಡಂ ಬಿಡಲಿಲ್ಲ. ಹಳ್ಳಿಗೆ ಹೋದಾಗ ಹೆಂಗಸರು ನನ್ನ ಬಾಜೂಕ ಬಂದು ಕಿವಿಯಾಗ ಕೇಳೋರು, ಪಾಪ ಸಣ್ಣ ವಯಸ್ಸು, ಅಕಿ ಗಂಡಗ ಏನಾಗಿತ್ತಬೇ ಅಂತ. ಏನೂ ಆಗಿಲ್ಲ, ಬ್ಯಾಂಕಿನಾಗ ಫ್ಯಾನಿನ ಕೆಳಗ ಕುಂತಾನ ಅಂತಿದ್ದೆ. ನಂಬತಿದ್ದಿಲ್ಲ.

ಜೀಪಿನ ಡ್ರೈವರ್ ಖಾಜಾ ಅಂತ. ಒಳ್ಳೆ ಮನಷ್ಯಾ, ಬಾಯಿ ದೊಡ್ಡದು. ಮೊದಲನೇ ಸಲ ನೆಳ್ಳು ಅದ ಅಂತ ಜೀಪ್ ತಂದು ಬರೋಬ್ಬರಿ ಮರದ ಬುಡಕ್ಕ ನಿಲ್ಲಿಸಿದ, ಇಂಜಿನ್ ಬಂದ್ ಮಾಡಲಿಲ್ಲ. ಮೇಡಂ ಇಳಿಯಲೇ ಇಲ್ಲ. ಈ ಮರ ಬೇಡ, ಮುಂದೆ ಹೋಗೋಣ ಅಂದರು. ಯಾಕ್ರಿ ಮೇಡಂ, ಮರಕ್ಕ ಕೆಮ್ಮು ಬಂತೇನ್ರಿ ಅಂದ ಖಾಜಾ. ನಾವು ಅಳೀಬೇಕಾಗಿರೋದು ಊರಿನ ಹೊಗೆ ಖಾಜಾ, ನಿಮ್ಮ ಹೊಗೆ ಅಲ್ಲ ಅಂದರು. ಅವತ್ತಿನಿಂದ ಅಂವ ಮರ ಇನ್ನೂ ಕಣ್ಣಿಗೆ ಸಣ್ಣದಾಗಿ ಕಾಣ್ತಿರುವಾಗಲೇ ಜೀಪ್ ನಿಲ್ಲಿಸಿ, "ಇಳೀರಿ ಅಕ್ಕಾ, ಇಲ್ಲಿಂದ ಮುಂದ ನಿಮ್ಮ ದರ್ಗಾ, ಚಪ್ಪಲಿ ನೋಡಿಕೊಂಡು ನಡೀರಿ" ಅಂತ ನನಗ ಚಾಷ್ಟಿ ಮಾಡ್ತಿದ್ದ. ಉರಿಬಿಸಿಲಾಗ ನಾವು ನಡಕೊಂತ ಹೋಗೋದು, ಅಂವ ಜೀಪಿನಾಗ ಮಕ್ಕೊಳ್ಳೋದು.

ಎಲಿ ಹೆಂಗ ಹರೀಬೇಕು ಅನ್ನೋದು ಕಲಿಯಾಕ ನನಗ ಒಂದು ಬ್ಯಾಸಿಗಿ ಹಿಡೀತು. ಚಿಗುರು ಬ್ಯಾಡ, ಅದು ಇನ್ನೂ ಏನೂ ಕಂಡಿರಂಗಿಲ್ಲ. ಹಳದಿ ಎಲಿ ಬ್ಯಾಡ, ಅದು ಸಾಯಾಕತ್ತದ. ನಡುವಿನ ವಯಸ್ಸಿಂದು ಬೇಕು. ಕುಡುಗೋಲು, ಕತ್ತರಿ ಮುಟ್ಟಿಸಬಾರದು, ಕೈಗವಸು ಹಾಕ್ಕೊಂಡು ಕೈಲೇ ಮುರೀಬೇಕು. ಮಳಿ ಆದ ಮ್ಯಾಲ ಹೋಗಬಾರದು, ಧೂಳು ಕೂಡಾಕ ದಿನ ಬಿಡಬೇಕು. ತಂದ ಎಲಿಯಾಗ ಅರ್ಧ ಲ್ಯಾಬಿನಾಗ ತೊಳಿಯೋದು, ಅರ್ಧ ತೊಳೀದಂಗ ಇಡೋದು. ತೊಳೀಲಾರದ್ದು ಎಲಿ ಮ್ಯಾಲ ಏನು ಕುಂತದ ಅಂತ ಹೇಳ್ತದ, ತೊಳದದ್ದು ಎಲಿ ಒಳಗ ಏನು ಹೊಕ್ಕದ ಅಂತ ಹೇಳ್ತದ. ಈ ಮಾತು ಗಟ್ಟಿ ನೆನಪಿಡ್ರಿ, ಮುಂದ ಬೇಕಾಗ್ತದ.

ಒಂದು ಸಲ ಮ್ಯಾಲಿನಿಂದ ದೊಡ್ಡ ಸಾಹೇಬರು ಕೆಲಸ ನೋಡಾಕ ಬಂದರು. ಬೆರಳಿಗೆಲ್ಲಾ ಉಂಗುರ. ಫೋಟೋ ತಗೀರಿ ಅಂತ ತಾವೇ ಒಂದು ಟೊಂಗಿ ಜಗ್ಗಿ ಬರಿಗೈಲೆ ಹಿಡಿತುಂಬ ಎಲಿ ಹರಿದು ಮೇಡಂ ಕೈಗೆ ಕೊಟ್ಟರು. ಮೇಡಂ ಎರಡೂ ಕೈಲೆ ಇಸ್ಕೊಂಡರು, ಥ್ಯಾಂಕ್ಸ್ ಸರ್ ಅಂದರು, ಬ್ಯಾರೆ ಚೀಲದಾಗ ಹಾಕಿ ನನ್ನ ಕಡೆ ಕೊಟ್ಟರು. ಏನ ಬರೀಲಿ ಇದರ ಮ್ಯಾಲ ಅಂದೆ. ಸಾಹೇಬರು ಅಂತ ಬರೀರಿ ಅಂದರು. ನಮ್ಮ ಜೀಪು ತಿರುವು ದಾಟಿದ ಮ್ಯಾಲ ಆ ಚೀಲ ನನ್ನ ಕೈಲೆ ಹೊರಗ ಒಗಸಿದರು. ದೊಡ್ಡವರ ಸಂಗಾಟ ಹೆಂಗ ಇರಬೇಕು ಅಂತ ನಾನು ಕಲತದ್ದು ಅವತ್ತು. ಮರ್ಯಾದಿ ಕೊಡಬೇಕು, ಎಲಿ ತಗೋಬಾರದು.

ಈಗ ಕಾಲ ಬ್ಯಾರೆ ಆಗ್ಯದ. ಮೊದಲೆಲ್ಲಾ ನಮ್ಮಲ್ಲಿ ಯಂತ್ರ ಇರಲಿಲ್ಲ. ಕರಗಿಸಿದ ನೀರು ಸಣ್ಣ ಬಾಟಲಿಯಾಗ ತುಂಬಿ ಬ್ಯಾರೆ ಊರಿಗೆ ಕಳಿಸಿ ಹಾದಿ ಕಾಯಬೇಕಿತ್ತು. ಆಮ್ಯಾಲ ನಮ್ಮಲ್ಲೇ ಯಂತ್ರ ಬಂತು. ಈಗ ನೋಡಿದ್ರ ಪಿಸ್ತೂಲಿನಂಥಾದ್ದು ಒಂದು ಬಂದದ, ಎಲಿಗೆ ಹಿಡಿದು ಒತ್ತಿದ್ರ ಅಲ್ಲೇ ಅಂಕಿ ತೋರಸ್ತದ. ಹುಡುಗ್ಯಾರು ಚಂದ ಹಿಡೀತಾರ. ನನಗ ಬ್ಯಾಸರಿಲ್ಲ, ಆ್ಯಸಿಡ್ ಹೊಗಿ ಕುಡಿದು ಗಂಟಲು ಸುಟ್ಟುಕೊಂಡಾಕಿ ನಾನು, ಅದು ಹೋದದ್ದೇ ಛಲೋ. ಆದರ ಪಿಸ್ತೂಲಿಗೂ ಎಲಿ ಯಾರು ಹರಿದರು, ಮೊದಲ ಏನಾಗಿತ್ತು ಅನ್ನೋದು ಗೊತ್ತಾಗಂಗಿಲ್ಲ. ಅದಕ್ಕೇ ಈಗ ಹೇಳೋ ಸುದ್ದಿ ಹೇಳಾಕತ್ತೀನಿ.

ಶಹಾಪುರದಿಂದ ಸುರಪುರಕ್ಕ ಹೋಗೋ ಕಡೆ ಒಂದು ಊರು. ಹೆಸರು ಬ್ಯಾಡ. ಊರ ಹೊರಗ ಒಬ್ಬ ಸಾವ್ಕಾರ ಶೆಡ್ ಹಾಕಿ ಹಳೀ ಬ್ಯಾಟರಿ ಒಡೆದು ಸೀಸ ಕರಗಿಸ್ತಿದ್ದ. ಶೆಡ್ಡಿಗೂ ಊರಿಗೂ ನಡುವ ಒಂದು ದೊಡ್ಡ ಬೇವಿನ ಮರ, ಅದರ ಬುಡಕ್ಕ ಊರ ದೇವಿ ಮರಗಮ್ಮನ ಕಲ್ಲು. ಅದರ ಎದುರಿಗೆ ಅಂಗನವಾಡಿ. ಒಳಗ ಧಗಿ ಅಂತ ಕೂಸುಗಳನ್ನ ದಿನಾ ಮರದ ಕೆಳಗ ಕುಂದ್ರಸ್ತಿದ್ದರು. ಅಲ್ಲಿ ಟೀಚರ್ ಕಮಲಾಬಾಯಿ. ಗಟ್ಟಿ ಹೆಣಮಗಳು. ಅಕಿ ಮೊಮ್ಮಗಳೂ ಅಲ್ಲೇ ಕುಂದ್ರೋದು. ಆ ಕೂಸು ಪಟಪಟ ಮಾತಾಡ್ತಿದ್ದದ್ದು ಬರಬರತ್ತ ಮಾತು ಕಡಿಮಿ ಮಾಡಿತು, ಹೊಟ್ಟಿ ಹಿಡ್ಕೊಂಡು ಅಳಾಕತ್ತಿತು. ಬ್ಯಾರೆ ಕೂಸುಗಳದೂ ಅದೇ ಹಾಡು. ಕಮಲಾಬಾಯಿ ಶೆಡ್ಡಿನ ಮ್ಯಾಲ ಅರ್ಜಿ ಹಾಕಿದಳು. ಊರಾಗ ಅರ್ಧ ಮಂದಿ ಅಕಿ ಮ್ಯಾಲ ತಿರುಗಿ ಬಿದ್ದರು, ಯಾಕಂದ್ರ ಅವರ ಗಂಡಸರು ಅಲ್ಲೇ ದುಡೀತಿದ್ದರು. ಅಕಿ ಮಗ ಅಂಬರೇಶನೂ ಅಲ್ಲೇ ಭಟ್ಟಿ ಮುಂದ ನಿಲ್ಲೋನು. ಮಗನ ಕೂಳಿಗೆ ಮಣ್ಣ ಹಾಕಾಕ ಹೊಂಟಾಳ ನೋಡ್ರಿ ಅಂತ ಬಾವಿ ಕಟ್ಟಿ ಮ್ಯಾಲ ಆಡಿಕೊಂಡರು.

ಅರ್ಜಿ ತಿರುಗಿ ತಿರುಗಿ ನಮ್ಮ ಲ್ಯಾಬಿಗೆ ಬಂತು. ದೀಪಾವಳಿ ಮುಗಿದಿತ್ತು. ನಾವು ಬರ್ತೀವಿ ಅಂತ ಮೊದಲೇ ತಿಳಿಸಿ, ಹೋಗಿ ಎಲಿ ತಂದ್ವಿ. ಮರಗಮ್ಮನ ಪೂಜಾರಿ ತಿಪ್ಪವ್ವ ಅಂತ ಒಬ್ಬ ಮುದುಕಿ, ಭಾಳ ಆದರದಿಂದ ನಿಂತು ಎಲಿ ಹರಿಸಿದಳು. ಎಲಿ ಜರಾ ಹಸನ ಕಂಡವು. ಎತ್ತರದ ಮರ, ಗಾಳಿ ಬಡಿದಿರಬೇಕು ಅಂದ್ಕೊಂಡ್ವಿ.

ಲೆಕ್ಕ ಬಂತು. ತಾಮ್ರ ಅಂದ್ರ ತಾಮ್ರ, ಮುಗಿಲಿಗೆ ಹತ್ತಿತ್ತು. ಸೀಸ ಇದ್ದೂ ಇಲ್ಲದಂಗ. ಮ್ಯಾಲಿನವರು ಹಾಳಿ ನೋಡಿ, ವಿಷ ಅಂತೂ ಅದ, ಬರೆದು ಕಳಿಸ್ರಿ, ಶೆಡ್ ಬಂದ್ ಆಗ್ತದ, ನಿಮಗೂ ಹೆಸರು ಬರ್ತದ ಅಂದರು. ಮೇಡಂ ಹಾಳಿ ಹಿಡ್ಕೊಂಡು ಕುಂತರು. ಸಾಬಮ್ಮ, ಬ್ಯಾಟರಿ ಒಳಗೆ ಇರೋದು ಸೀಸ, ಈ ತಾಮ್ರ ಎಲ್ಲಿಂದ ಬಂತು ಅಂತ ನನ್ನ ಕೇಳಿದರು. ನನಗೇನು ಗೊತ್ತು. ಗೊತ್ತಿಲ್ಲ ಅಂದೆ. ನನಗೂ ಗೊತ್ತಿಲ್ಲ, ಹೋಗಿ ಕೇಳೋಣ ಅಂದರು. ಅಷ್ಟು ಓದಿದವರು ಗೊತ್ತಿಲ್ಲ ಅಂತ ಅಷ್ಟು ಸಲೀಸಾಗಿ ಅಂದದ್ದು ನಾನು ಬ್ಯಾರೆ ಯಾರ ಬಾಯಾಗೂ ಕೇಳಿಲ್ಲ.

ಹೋದ್ವಿ. ಕಮಲಾಬಾಯಿ ಮನಿ ಅಂಗಳದಾಗ ಕುಂತ್ವಿ. ತಿಪ್ಪವ್ವನೂ ಬಂದಳು. ಹೊಲಕ್ಕ ಏನು ಹೊಡೀತೀರಿ, ಮರದ ಹತ್ರ ಏನಾದರೂ ಸುಟ್ಟಿದ್ರಾ, ತಂತಿ ಕಟ್ಟಿದ್ರಾ, ಹಿಂಗ ಮೇಡಂ ಒಂದೊಂದೇ ಕೇಳಾಕತ್ತರು. ತಿಪ್ಪವ್ವಗ ಬ್ಯಾಸರ ಬಂತು.

"ಯಾಕವ್ವಾ, ನಾವು ಕೊಟ್ಟ ಎಲಿಗೆ ಏನಾಗಿತ್ತು? ಒಂದು ಧೂಳಿನ ಕಣ ಇರಲಿಲ್ಲ. ಮರಗಮ್ಮಗ ಜಳಕ ಮಾಡಿಸಲಾರದ ಅಕಿ ಎಲಿ ನಾವು ಯಾರಿಗೂ ಹರಿಸಂಗಿಲ್ಲ. ನೀವು ಬರ್ತೀರಿ ಅಂತ ಇಡೀ ಮರ ತೊಳದೀವಿ."

ಮೇಡಂ ಕೈಯಾಗಿನ ಚಹಾದ ಕಪ್ಪು ಕೆಳಗಿಟ್ಟರು. "ಅಷ್ಟು ಎತ್ತರದ ಮರ, ಹೇಗೆ ತೊಳೆದ್ರಿ ಅಜ್ಜಿ?"

"ಪಂಪ್ ಇಲ್ಲೇನು. ಮೆಣಸಿನಗಿಡಕ್ಕ ಎಣ್ಣಿ ಹೊಡಿಯೋ ಪಂಪು. ಹುಡುಗರು ಬೆನ್ನಿಗೆ ಹಾಕ್ಕೊಂಡು ಟೊಂಗಿ ಟೊಂಗಿ ಹತ್ತಿ ನೀರು ಹೊಡದಾರ."

ನಮ್ಮ ಕಡೆ ಬೆಳಿಗೆ ಹೊಡಿಯೋ ಔಷಧಕ್ಕ ಎಣ್ಣಿ ಅಂತಾರ. ಮೆಣಸಿನಗಿಡಕ್ಕ ರೋಗ ಬಂದ್ರ ಹೊಡಿಯೋದು ತಾಮ್ರದ ಔಷಧ. ಪಂಪಿನ ತಳದಾಗ ಹೆಪ್ಪುಗಟ್ಟಿದ್ದು ನೀರಿನ ಸಂಗಾಟ ಹೊರಗ ಬಂದು ಎಲಿ ಮ್ಯಾಲ ಕುಂತದ. ಶೆಡ್ಡಿನ ಸೀಸ ನೀರಿನ ಸಂಗಾಟ ಕೆಳಗ ಹೋಗ್ಯದ. ಬರೋರು ಅತಿಥಿಗಳು, ದೇವಿ ಎಲಿ ಹೊಲಸು ಕೊಡಬಾರದು ಅಂತ ಭಕ್ತಿಲೆ ಮಾಡಿದ ಕೆಲಸ. ಯಾರಿಗೆ ಬೈತೀರಿ. ಖಾಜಾ ಆ ಕಡೆ ಮಾರಿ ಮಾಡಿ ನಗಾಕತ್ತಿದ್ದ. ನಾನು ಅವನ ಕಡೆ ನೋಡಿದ ಮ್ಯಾಲ ಬಿಟ್ಟ.

ಮೇಡಂ ಕಮಲಾಬಾಯಿಗೆ ಹೇಳಿದರು. "ಟೀಚರ್, ತಪ್ಪು ನಮ್ಮದು. ಹರಿಯೋಕೆ ಮುಂಚೆ ನಾವು ಕೇಳಬೇಕಿತ್ತು. ಇದು ಪಂಪಿನ ತಾಮ್ರ. ಈ ಲೆಕ್ಕ ನಾನು ಕೊಡೋದಿಲ್ಲ."

"ತಾಮ್ರ ಆದ್ರೇನು ಸೀಸ ಆದ್ರೇನ್ರಿ. ಶೆಡ್ ಬಂದ್ ಆದ್ರ ಸಾಕಲ್ರಿ ಮೇಡಂ."

"ಆಗೋದಿಲ್ಲ ಟೀಚರ್."

"ನಿಮ್ಮ ಕೂಸು ಆ ಮರದ ಕೆಳಗ ಕುಂತಿದ್ರ ಹಿಂಗ ಮಾತಾಡ್ತಿದ್ರೇನ್ರಿ?"

ಮೇಡಂ ಮಾರಿ ಕೆಂಪಾತು. ದನಿ ಮಾತ್ರ ಏರಿಸಲಿಲ್ಲ.

"ಕೂತಿದ್ದರೆ ಇದೇ ಮಾತನ್ನ ಇನ್ನೂ ಗಟ್ಟಿಯಾಗಿ ಹೇಳ್ತಿದ್ದೆ. ಇದನ್ನ ಹಿಡಿದು ಇವತ್ತು ಶೆಡ್ ಮುಚ್ಚಿಸಬಹುದು. ನಾಳೆ ಅವನು ಒಬ್ಬ ತಿಳಿದವನನ್ನ ಕರ್ಕೊಂಡು ಬಂದು, ಈ ತಾಮ್ರ ನಿಮ್ಮ ಹೊಲದ್ದು ಅಂತ ತೋರಿಸ್ತಾನೆ. ಶೆಡ್ ಮತ್ತೆ ತೆಗೆಯುತ್ತೆ. ಆಮೇಲೆ ನೀವು ಖರೆ ಹೇಳಿದ್ರೂ ಯಾರೂ ಕೇಳೋದಿಲ್ಲ."

ಖರೆ ಅನ್ನೋ ನಮ್ಮ ಮಾತು ಅವರ ಬಾಯಾಗ ಬಂದದ್ದು ಅವತ್ತೇ ಮೊದಲು. ಕಮಲಾಬಾಯಿ ಎದ್ದು ಒಳಗ ಹೋದಳು. ಹೊರಗ ಬರಲಿಲ್ಲ. ಮೇಡಂ ಬಾಗಿಲ ಹೊರಗ ನಿಂತೇ ಹೇಳಿದರು, ನಾವು ಮತ್ತ ಎಲಿ ಹರಿದು ಲೆಕ್ಕ ಬರೋತನಕ ಕೂಸುಗಳನ್ನ ಮರದ ಕೆಳಗ ಕುಂದ್ರಸಬ್ಯಾಡ್ರಿ, ದೊಡ್ಡ ದವಾಖಾನಿಗೆ ಒಯ್ದು ರಕ್ತ ತೋರಸ್ರಿ, ಅಂಬರೇಶ ಶೆಡ್ಡಿನ ಅರಿವಿ ಹೊರಗೇ ಕಳಚಿ ಜಳಕ ಮಾಡಿ ಮನಿಯೊಳಗ ಬರಲಿ ಅಂತ. ಒಳಗಿಂದ ಹೂಂ ಅನ್ನಲಿಲ್ಲ. ಆದರ ಮರುದಿನದಿಂದ ಅಂಗನವಾಡಿ ಕಮಲಾಬಾಯಿ ಮನಿ ಅಂಗಳದಾಗ ನಡೀತು ಅಂತ ಆಮ್ಯಾಲ ಗೊತ್ತಾತು.

ಲ್ಯಾಬಿನಾಗ ಮ್ಯಾಲಿನವರು ಒದರಾಡಿದರು. ಬಂದ ಹೆಸರು ಒಗೀತೀಯಲ್ಲ ಅಂದರು. ಸಾವ್ಕಾರಗೂ ಸುದ್ದಿ ಹೋಗಿತ್ತು, ಲ್ಯಾಬಿನವರಿಗೆ ಏನೂ ಸಿಕ್ಕಿಲ್ಲ ಅಂತ ಊರತುಂಬ ಸಾರಿದ. ಮೇಡಂ ಧೂಳು ಕೂಡೋತನಕ ಕಾದರು. ಕಾಯೋದು ಅಂದ್ರ ಸುಮ್ಮನೆ ಅಲ್ಲ. ನಡುವ ಅಕಾಲದಾಗ ಒಂದು ಮಳಿ ಬಂತು, ಮತ್ತ ಮೊದಲಿನಿಂದ ಕಾಯೋದಾತು. ಆ ಊರಿನ ಕೂಸುಗಳ ಸುದ್ದಿ ಬಂದಾಗೆಲ್ಲಾ ಮೇಡಂ ಊಟದ ಡಬ್ಬಿ ಮುಚ್ಚಿಡ್ತಿದ್ದರು.

ಇನ್ನೊಂದು ತೊಡಕಿತ್ತು. ಜಳಕ ಇಲ್ಲದ ದೇವಿ ಎಲಿ ಹರಿಸಂಗಿಲ್ಲ ಅನ್ನೋದು ಹಿರಿಯರ ಕಾಲದ ಪದ್ಧತಿ. ಅದನ್ನ ಮುರೀರಿ ಅಂತ ಮೇಡಂ ಹೇಳಾಕ ತಯಾರಿರಲಿಲ್ಲ. ತಹಸೀಲ್ದಾರರ ಚೀಟಿ ತಂದ್ರ ಆತಲ್ಲ ಅಂದ ಖಾಜಾ. ಚೀಟಿ ತೋರಿಸಿ ದೇವರ ಮರ ಮುಟ್ಟಿದ್ರೆ ಆ ಊರಿಗೆ ಮತ್ತೆ ನಾವು ಕಾಲಿಡೋ ಹಾಗಿಲ್ಲ ಅಂದರು. ಸಂಕ್ರಾಂತಿ ಮುಂದ ಒಂದು ದಿನ ತಿಪ್ಪವ್ವನ ಗುಡಿಸಲಿಗೆ ಹೋಗಿ ನೆಲದ ಮ್ಯಾಲ ಕುಂತು ಎಲ್ಲಾ ಬಿಡಿಸಿ ಹೇಳಿದರು. ಎಲಿ ಮ್ಯಾಲ ಕುಂತ ಹೊಗಿ ನೋಡಬೇಕು, ತೊಳದ್ರ ಅದು ಹೋಗ್ತದ, ಹರಿಯೋದೋ ಬಿಡೋದೋ ನೀವು ಹೇಳಿದಂಗ ಅಂದರು. ಮೇಡಂ ಮಾತು ಮುದುಕಿಗೆ ಅರ್ಧ ತಿಳೀತಿದ್ದಿಲ್ಲ, ತಿಳೀಲಾರದ್ದನ್ನ ನಾನು ನಮ್ಮ ಮಾತಿನಾಗ ಹೇಳಿದೆ.

ತಿಪ್ಪವ್ವ ಎಲಿ ಅಡಕಿ ಹಾಕ್ಕೊಂಡಳು. ಭಾಳ ಹೊತ್ತು ಅಗದಳು. ಆಮ್ಯಾಲ ನನಗ ಕೇಳಿದಳು, ಅಂದ್ರ ಆ ಶೆಡ್ಡಿನಾಂವ ನಮ್ಮ ದೇವಿಗೆ ಏನು ಮಾಡ್ಯಾನ ಅಂತ ನೋಡಾಕ ಬಂದೀರಿ, ಹೌದಿಲ್ಲೋ? ಹೌದು ಅಂದೆ.

"ಹಂಗಂದ್ರ ಮೊದಲ ಹೇಳಬಾರದೇನು. ಹೊಡೆತ ತಿಂದ ಹೆಣಮಗಳು ಮಾರಿ ಮ್ಯಾಲಿನ ರಕ್ತ ತೊಳಕೊಂಡು ಪಂಚರ ಮುಂದ ಹೋಗ್ತಾಳೇನು? ಹರಕೊಳ್ರಿ. ಅಕಿ ಜಳಕ ಆಮ್ಯಾಲ ಮಾಡಸ್ತೀನಿ."

ಅಂದಾಕಿ ತಾನೇ ಕೋಲು ಹಿಡಕೊಂಡು ಮುಂದ ನಡದಳು. ನಾವು ಹರಿಯೋತನಕ ಒಂದು ಕೂಸು, ಒಂದು ಆಡು ಮರದ ಹತ್ರ ಬರಗೊಡಲಿಲ್ಲ. ಪಂಪಿನ ಹುಡುಗರು ದೂರ ನಿಂತಿದ್ದರು. ನೀವು ಇನ್ನ ಮುಂದ ಮೆಣಸಿನಗಿಡಕ್ಕ ಮಾತ್ರ ಜಳಕ ಮಾಡಸ್ರಿ ಅಂತ ಅವರಿಗೆ ಅಂದಳು. ಆ ಮರದ ನಾಲ್ಕೂ ದಿಕ್ಕು, ಅದರಿಂದ ದೂರ ದೂರದ ಮರ, ಆಚಿ ಕಡೆ ಶಹಾಪುರದ ಗುಡ್ಡದ ಹಿಂದ ಹೊಗಿ ಮುಟ್ಟದ ಮರ, ಎಲ್ಲಾ ತಂದ್ವಿ. ಕಮಲಾಬಾಯಿ ತನ್ನ ಅಂಗಳದಾಗ ಕೂಸುಗಳಿಗೆ ಪದ್ಯ ಹೇಳಿಸಾಕತ್ತಿದ್ದಳು. ನಮ್ಮನ್ನ ನೋಡಿದಳು. ಮಾತಾಡಿಸಲಿಲ್ಲ.

ಈ ಸಲ ತಾಮ್ರ ತಣ್ಣಗ ಕುಂತಿತ್ತು. ಸೀಸ ಎದ್ದು ನಿಂತಿತ್ತು. ಶೆಡ್ಡಿನ ಕಡೆ ಮಾರಿ ಮಾಡಿದ ಟೊಂಗಿಯಾಗ ಎಲ್ಲಾದಕ್ಕಿಂತ ಹೆಚ್ಚು, ಬೆನ್ನ ಕಡೆ ಕಡಿಮಿ, ದೂರ ಹೋದಂಗ ಇನ್ನೂ ಕಡಿಮಿ, ಗುಡ್ಡದ ಹಿಂದ ಇಲ್ಲವೇ ಇಲ್ಲ ಅನ್ನಂಗ. ನನ್ನಂಥಾಕಿಗೂ ತಿಳಿಯೋ ಹಂಗ ಇತ್ತು.

ತಾಲೂಕು ಕಚೇರಿಯಾಗ ಸಭೆ ಕರೆದರು. ಸಾವ್ಕಾರ ಹೈದರಾಬಾದಿನಿಂದ ಒಬ್ಬ ತಿಳುವಳಿಕಸ್ಥನ್ನ ಕರೆಸಿದ್ದ. ಅಂವ ಎದ್ದು ನಿಂತವನೇ ಮೊದಲು ಕೇಳಿದ್ದು ಹಿಂದಿನ ಸಲದ ತಾಮ್ರದ ಸುದ್ದಿ. ಎಲ್ಲಿಂದ ತಿಳಕೊಂಡಿದ್ದನೋ ಏನೋ. ನಾನು ಹಿಂದ ಚೀಲ ಹಿಡ್ಕೊಂಡು ನಿಂತಿದ್ದೆ. ಮೇಡಂ ಎದ್ದರು. ಹೌದು, ಆ ಮರ ತೊಳೆದಿತ್ತು, ಅದನ್ನ ಕೇಳದೆ ತಂದದ್ದು ನಮ್ಮ ತಪ್ಪು, ಆ ಲೆಕ್ಕ ನಾವೇ ಒಗೆದೀವಿ ಅಂತ ಅಂವ ತಮ್ಮನ್ನ ಬಗ್ಗಿಸಾಕ ಇಟ್ಟುಕೊಂಡಿದ್ದ ಮಾತು ತಾವೇ ಪೂರಾ ಹೇಳಿಬಿಟ್ಟರು. ಅಂವಗ ಮುಂದ ಹಾದಿ ಇರಲಿಲ್ಲ. ಹೊಸ ಲೆಕ್ಕ ನೋಡಿದ. ಹೊಳ್ಳಿ ನೋಡಿದ. ಅಂವನೂ ಕಸುಬು ಬಲ್ಲ ಮನಷ್ಯಾ, ಸುಳ್ಳು ಹೇಳಲಿಲ್ಲ, ಕುಂತುಬಿಟ್ಟ. ಶಿವರಾತ್ರಿ ಹೊತ್ತಿಗೆ ಭಟ್ಟಿ ಆರಿತು.

ಕಥಿ ಅಲ್ಲಿಗೆ ಮುಗೀತು ಅಂತ ನಾನು ತಿಳಿದಿದ್ದೆ. ಕಮಲಾಬಾಯಿನೂ ಹಂಗ ತಿಳಿದಿದ್ದಳು. ಮಾತು ಬಿಟ್ಟಾಕಿ ತಾನಾಗೇ ಲ್ಯಾಬಿಗೆ ಬಂದು, ಇನ್ನ ಕೂಸುಗಳನ್ನ ಮರದ ಕೆಳಗ ಕುಂದ್ರಸಲೇನ್ರಿ ಅಂತ ಕೇಳಿದಳು. ಬ್ಯಾಡ ಅಂದರು ಮೇಡಂ. ಹೊಗಿ ನಿಂತದ, ಮಣ್ಣಿನಾಗ ಕುಂತದ್ದು ಹೋಗಂಗಿಲ್ಲ, ಕೂಸುಗಳು ಮಣ್ಣು ಬಾಯಾಗ ಇಟ್ಟುಕೊಂತಾವ. ಕಮಲಾಬಾಯಿ ಅಲ್ಲೇ ಮೆಟ್ಟಲ ಮ್ಯಾಲ ಕುಂತಳು. ನಿಮ್ಮ ಬಾಯಾಗ ಹೂಂ ಅನ್ನೋ ಮಾತೇ ಬರಂಗಿಲ್ಲೇನ್ರಿ ಮೇಡಂ ಅಂದಳು. ಬೈದಂಗ ಇರಲಿಲ್ಲ, ದಣಿದಂಗ ಇತ್ತು. ಮೇಡಂ ಅಕಿ ಬಾಜೂಕ ಅದೇ ಮೆಟ್ಟಲ ಮ್ಯಾಲ ಕುಂತು, ಮಣ್ಣು ತೆಗೆಸೋಣ ಅಂದರು.

ಮಣ್ಣು ತೆಗೆಸಾಕ ಮೇಡಂ ಎಷ್ಟು ಆಫೀಸು ಅಲೆದರು ಅನ್ನೋದು ಖಾಜಾಗ ಗೊತ್ತು, ಅಂವನ ಜೀಪಿನ ಟಾಯರಿಗೆ ಗೊತ್ತು. ಕಡೀಕ ಪಂಚಾಯಿತಿ ಕೆಲಸ ಹಚ್ಚಿತು. ಮರದ ಸುತ್ತಲಿನ ಮ್ಯಾಲಿನ ಮಣ್ಣು ಕೆತ್ತಿ, ಒಯ್ದು ದೂರ ಗುಂಡಿಯಾಗ ಮುಚ್ಚಿ, ಹೊಸ ಮಣ್ಣು ಹಾಕೋದು. ದುಡಿಯಾಕ ಬಂದವರು ಯಾರು? ಶೆಡ್ಡಿನಾಗ ಕೆಲಸ ಕಳಕೊಂಡ ಗಂಡಸರೇ. ಅಂಬರೇಶ ಮಾರಿಗೆ ಬಟ್ಟಿ ಕಟ್ಟಿಕೊಂಡು ಎಲ್ಲಾರಿಗಿಂತ ಮುಂದ ನಿಂತು ಕೆತ್ತಿದ. ಬಾವಿ ಕಟ್ಟಿ ಮ್ಯಾಲ ಆಡಿಕೊಂಡ ಹೆಂಗಸರೇ ಅವರಿಗೆ ನೀರು ತಂದು ಕೊಟ್ಟರು. ಆಮ್ಯಾಲ ಅಂಬರೇಶ ಹುಣಸಗಿ ಕಡೆ ಕಾಲುವಿ ನೀರಿನ ಹೊಲದಾಗ ಕೆಲಸಕ್ಕ ಹತ್ತಿದ. ಪಗಾರ ಕಡಿಮಿ ಅಂತ ಬೈಕೊಂತ ಹೋಗ್ತಾನ, ಹೋಗ್ತಾನಂತೂ.

ಯುಗಾದಿಗೆ ಬೇವು ಹಳೀ ಎಲಿ ಉದುರಿಸಿ ಹೊಸದು ಉಟ್ಟಿತು. ಈ ಎಲಿ ಶೆಡ್ಡಿನ ಹೊಗಿ ಕಾಣಲಾರದ್ದು. ಅದು ಬಲಿಯೋತನಕ ಕಾದು, ಮಳಿಗಾಲದ ಮೊದಲ ಹೋಗಿ ಎಲಿ ತಂದ್ವಿ, ಹೊಸ ಮಣ್ಣೂ ತಂದ್ವಿ. ಒಣಗಿಸಿದೆ, ಅರದೆ, ಕರಗಿಸಿದೆ. ಯಂತ್ರದ ಮುಂದ ಮೇಡಂ ಕುಂತರು. ಒಂದು ಸಲ ನೋಡಿದರು. ಯಂತ್ರ ತೊಳೆದು ಇನ್ನೊಂದು ಸಲ ನೋಡಿದರು. ಗುಡ್ಡದ ಹಿಂದಿನ ಮರಕ್ಕೂ ಈ ಮರಕ್ಕೂ ಭಾಳ ಫರಕು ಉಳಿದಿರಲಿಲ್ಲ. ಹೊಸ ಮಣ್ಣಿನಾಗೂ ಸೀಸ ಅಂಜೋವಷ್ಟು ಇರಲಿಲ್ಲ. ಫೋನ್ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಖಾಜಾ, ಗಾಡಿ ತೆಗೀರಿ ಅಂದರು.

ಕಮಲಾಬಾಯಿ ಅಂಗಳದಾಗ ಕೂಸುಗಳು ಉಣ್ಣಾಕತ್ತಿದ್ದವು. ಮೊಮ್ಮಗಳು ನಮ್ಮ ಖಾಜಾನ್ನ ನೋಡಿ ಟೊಪಿಗಿ ಅಜ್ಜ ಅಂತು. ಆ ಕೂಸಿನ ಹೊಟ್ಟಿ ನೋವು ನಿಂತದ, ಮಾತು ತಿರುಗಿ ಬರಾಕತ್ತದ. ಪೂರಾ ಗುಣ ಆಗ್ಯದ ಅಂತ ನಾನು ಬರಿಯಂಗಿಲ್ಲ, ನಾನು ಡಾಕ್ಟರ್ ಅಲ್ಲ. ಮೇಡಂ ಜೀಪಿನಿಂದ ಇಳಿದು ಅಂಗಳದ ಬಾಗಿಲದಾಗ ನಿಂತರು. ಕಮಲಾಬಾಯಿ ಸೌಟು ಕೈಯಾಗ ಹಿಡ್ಕೊಂಡು ಅವರ ಮಾರಿ ನೋಡಿದಳು.

"ಕೂರಿಸಬಹುದು ಟೀಚರ್" ಅಂದರು ಮೇಡಂ.

ಬರ್ರಿ ಅನ್ನಲಿಲ್ಲ, ಕುಂದ್ರಿ ಅನ್ನಲಿಲ್ಲ, ಒಂದು ವಾಟಗ ನೀರು ಸುದ್ದ ಕೊಡಲಿಲ್ಲ. ಕಮಲಾಬಾಯಿ ಸೌಟು ನನ್ನ ಕೈಗೆ ಕೊಟ್ಟಳು, ಮೂಲಿಯಾಗ ಸುತ್ತಿಟ್ಟ ಜಮಖಾನ ಬಗಲಾಗ ಹಿಡಕೊಂಡು ಮರದ ಕಡೆ ನಡದಳು.